ಕೇಳಾಂವ ಬೇಕು

ಹೊಸ ಐಡಿಯಾ ಹೊಳೆಯೋದು ಬಚ್ಚಲಮನೆಯಲ್ಲಿ ಅನ್ನೋದು ನಮ್ಮ ಐಟಿ ಮಂದಿಯ ಗಟ್ಟಿ ನಂಬಿಕೆ. ಇದಕ್ಕೆ ಮೂಲಪುರುಷ ಆರ್ಕಿಮಿಡೀಸ್. ನೀರಿನ ತೊಟ್ಟಿಯಿಂದ ಎದ್ದವನು ಮೈಮೇಲೆ ಬಟ್ಟೆ ಇಲ್ಲ ಅನ್ನೋದನ್ನೂ ಮರೆತು ಬೀದಿಗೆ ಓಡಿದ ಅಂತ ಕಥೆ. ನಿಜವೋ ಸುಳ್ಳೋ, ಹೈಸ್ಕೂಲಿನಲ್ಲಿ ಓದಿದವರೆಲ್ಲರಿಗೂ ತೊಟ್ಟಿ ನೆನಪಿದೆ, ಓಟ ನೆನಪಿದೆ. ಅದಕ್ಕೂ ಮೊದಲು ಸಿರಾಕ್ಯೂಸಿನ ರಾಜ ಹೀರೋ ಅವನನ್ನು ಕರೆಸಿ, 'ಈ ಕಿರೀಟದಲ್ಲಿ ಅಕ್ಕಸಾಲಿಗ ಬೆಳ್ಳಿ ಬೆರೆಸಿದ್ದಾನೋ ಇಲ್ಲವೋ, ಕಿರೀಟ ಕೆಡಿಸದೆ ಹೇಳು' ಅಂತ ಕೇಳಿದ್ದ. ಆ ರಾಜ ಮಾತ್ರ ಯಾರಿಗೂ ನೆನಪಿರೋದಿಲ್ಲ. ಅವನು ಕೇಳದೇ ಹೋಗಿದ್ದರೆ ಆರ್ಕಿಮಿಡೀಸ್ ಅವತ್ತು ಸುಮ್ಮನೆ ಸ್ನಾನ ಮಾಡಿ ಊಟಕ್ಕೆ ಕೂತಿರುತ್ತಿದ್ದ.

ನನ್ನ ತಕರಾರು ಇರೋದು ಇಲ್ಲೇ. ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿ ಕೋಡು ಬರೆದುಕೊಂಡಿದ್ದೇನೆ. ವರ್ಷಕ್ಕೆ ಎರಡು ಸಲವಾದರೂ ನಮ್ಮನ್ನೆಲ್ಲ ಒಂದು ದೊಡ್ಡ ಕೋಣೆಗೆ ಕೂಡಿಸಿ, ಕೈಗೆ ಹಳದಿ ಅಂಟುಚೀಟಿ ಕೊಟ್ಟು, 'ಐಡಿಯಾ ಕೊಡಿ' ಅಂತಾರೆ. ನಿಯಮ ಒಂದೇ: ಯಾರು ಏನೇ ಹೇಳಲಿ, ಯಾಕೆ, ಹೇಗೆ ಅಂತ ಕೇಳಬಾರದು. ಕೇಳಿದರೆ ಹೇಳುವವರ ಹುಮ್ಮಸ್ಸು ಕುಗ್ಗುತ್ತದಂತೆ. ಸಂಜೆ ಹೊತ್ತಿಗೆ ಗೋಡೆ ತುಂಬ ಚೀಟಿ. ಮರುದಿನ ಬೆಳಿಗ್ಗೆ ಹೌಸ್‌ಕೀಪಿಂಗ್‌ನವರು ಅವನ್ನೆಲ್ಲ ಕಿತ್ತು ಚೀಲಕ್ಕೆ ತುಂಬುತ್ತಾರೆ.

ಈ ನಿಯಮ ಮಾಡಿದವನು ಅಮೆರಿಕದ ಜಾಹೀರಾತು ಲೋಕದ ಅಲೆಕ್ಸ್ ಆಸ್ಬಾರ್ನ್. 1953ರಲ್ಲಿ ಬಂದ ಅವನ ಪುಸ್ತಕದಿಂದ ಬ್ರೈನ್‌ಸ್ಟಾರ್ಮಿಂಗ್ ಅನ್ನೋದು ಜಗತ್ತಿನ ಆಫೀಸುಗಳಿಗೆಲ್ಲ ಹಬ್ಬಿತು. ಐದೇ ವರ್ಷಕ್ಕೆ, 1958ರಲ್ಲಿ, ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷೆಗೆ ಹಚ್ಚಿದರು. ಕೋಣೆಯಲ್ಲಿ ಒಟ್ಟಿಗೆ ಕೂತವರಿಗಿಂತ, ಅಷ್ಟೇ ಜನ ಬೇರೆ ಬೇರೆ ಕೂತು ಯೋಚಿಸಿದಾಗ ಹೆಚ್ಚು ಐಡಿಯಾ ಬಂದಿದ್ದವು. 2004ರಲ್ಲಿ ಚಾರ್ಲನ್ ನೆಮೆತ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಆಕೆಯ ಸಂಗಡಿಗರು ಅಮೆರಿಕ, ಫ್ರಾನ್ಸ್ ಎರಡೂ ಕಡೆ ಇನ್ನೊಂದು ಪ್ರಯೋಗ ಮಾಡಿದರು. ಕೆಲವು ಗುಂಪುಗಳಿಗೆ 'ಟೀಕೆ ಮಾಡಬೇಡಿ' ಅಂದರು, ಇನ್ನು ಕೆಲವಕ್ಕೆ 'ಬೇಕಾದರೆ ವಾದ ಮಾಡಿ, ಟೀಕಿಸಿ' ಅಂದರು. ವಾದ ಮಾಡಿದವರ ಕಡೆಯೇ ಐಡಿಯಾ ಜಾಸ್ತಿ. ಇಷ್ಟಾದರೂ ನಮ್ಮ ಆಫೀಸುಗಳಲ್ಲಿ ಅಂಟುಚೀಟಿ ನಿಂತಿಲ್ಲ. ಸ್ಟೇಷನರಿ ಬಜೆಟ್ಟು ಖರ್ಚಾಗಬೇಕಲ್ಲ.

ಇವನ್ನೆಲ್ಲ ಓದಿದ್ದು ಈಚೆಗೆ. ಆದರೆ ಸಂಗತಿ ಗೊತ್ತಿದ್ದದ್ದು ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ. ಕಾರಣ, ನನ್ನೂರು ಕುಲಗೋಡ.

ಬೆಳಗಾವಿ ಜಿಲ್ಲೆಯ ಕುಲಗೋಡ ಮೊದಲು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಬೆಂಗಳೂರಲ್ಲಿ ಹೇಳಿದರೆ 'ಗೋಕಾಕ ಕರದಂಟು ಗೊತ್ತು' ಅಂತಾರೆ, ನಾನೂ ತಲೆ ಆಡಿಸ್ತೇನೆ. ಆದರೆ ಉತ್ತರ ಕರ್ನಾಟಕದಲ್ಲಿ ಆಟ ನೋಡುವ ಹಿರಿಯರ ಮುಂದೆ ಕುಲಗೋಡ ಅಂದು ನೋಡಿ. 'ಹೌದೇನು, ತಮ್ಮಣ್ಣನ ಊರಾಂವ!' ಅಂತ ಕೂತಲ್ಲಿಂದ ಸರಿದು ಜಾಗ ಕೊಡ್ತಾರೆ. ಶ್ರೀಕೃಷ್ಣ ಪಾರಿಜಾತ ಅನ್ನೋ ಸಣ್ಣಾಟವನ್ನು ಊರೂರಿನ ಆಟವಾಗಿ ಮಾಡಿದ ಕುಲಗೋಡ ತಮ್ಮಣ್ಣ 19ನೇ ಶತಮಾನದವನು.

ಇಲ್ಲೊಂದು ಸ್ವಾರಸ್ಯ ಇದೆ. ತಮ್ಮಣ್ಣ ಪಾರಿಜಾತದ ಕಥೆಯನ್ನು ಹೊಸದಾಗಿ ಕಟ್ಟಿದವನಲ್ಲ. ನಾರದ ತಂದ ಒಂದು ಹೂವು, ಅದು ಹೋಗಿ ರುಕ್ಮಿಣಿಯ ಮುಡಿ ಸೇರಿದ್ದು, ಸತ್ಯಭಾಮೆಯ ಸಿಟ್ಟು, ಕೃಷ್ಣನ ಪೇಚಾಟ, ಇಷ್ಟೂ ಹರಿವಂಶದ ಕಾಲದಿಂದ ಬಂದದ್ದು. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ಇದನ್ನೇ ತೆಲುಗಿನಲ್ಲಿ ಕಾವ್ಯ ಮಾಡಿದ. ಕೂಚಿಪುಡಿಯ ಭಾಮಾಕಲಾಪದಲ್ಲಿ ಕುಣಿಯುವವಳೂ ಇದೇ ಸತ್ಯಭಾಮೆ. ನಮ್ಮ ತಮ್ಮಣ್ಣನಿಗಿಂತ ಮೊದಲು ಅಪರಾಳದ ತಮ್ಮಣ್ಣ ಅಂತ ಇನ್ನೊಬ್ಬ ತಮ್ಮಣ್ಣ ಕನ್ನಡದಲ್ಲಿ ಪಾರಿಜಾತ ಬರೆದಿದ್ದ. ಹೆಸರು ಕೂಡ ಒಂದೇ! ಕುಲಗೋಡದವನು ಅದನ್ನು ತಗೊಂಡು, ತಿದ್ದಿ, ಹೊಸ ಹಾಡು ಸೇರಿಸಿ, ನಮ್ಮ ಸೀಮೆಯ ಕಟ್ಟೆಯ ಮೇಲೆ ಆಡೋ ಹಾಗೆ ಮಾಡಿದ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಪಕ್ಕಾ ಫೋರ್ಕ್. ಮೂಲ ಕೋಡು ಬೇರೆಯವರದು, ಅದು ಓಡುತ್ತಿರೋದು ನಮ್ಮ ಯಂತ್ರದ ಮೇಲೆ.

ಹಾಗಾದರೆ ತಮ್ಮಣ್ಣನ ಹೊಸತೇನು? ನನ್ನ ಉತ್ತರ ಸರಳ. ಅವನ ಸತ್ಯಭಾಮೆ ದ್ವಾರಕೆಯವಳಲ್ಲ, ಗೋಕಾಕ ಸೀಮೆಯವಳು. ಅವಳು ಹಾಗಾಗೋದು ಹಾಡಿನಲ್ಲಿ ಅರ್ಧ, ಇನ್ನರ್ಧ ಮಾತಿನಲ್ಲಿ.

ಪಾರಿಜಾತ ನೋಡದವರಿಗೆ ಸ್ವಲ್ಪ ಹೇಳಬೇಕು. ಹಾರ್ಮೋನಿಯಂ, ತಬಲಾ, ತಾಳ, ಹಿಂದೆ ನಿಂತು ಹಾಡೆತ್ತಿಕೊಳ್ಳುವ ಹಿಮ್ಮೇಳ. ಪಾತ್ರಗಳೂ ಕಡಿಮೆ: ಕೃಷ್ಣ, ರುಕ್ಮಿಣಿ, ಸತ್ಯಭಾಮೆ, ದೂತಿ, ಕೊರವಂಜಿ, ಹೀಗೆ. ಹೆಣ್ಣು ಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ, ನಮ್ಮೂರಿನ ಹತ್ತಿರದ್ದೇ ಆದ ಕೌಜಲಗಿಯ ನಿಂಗಮ್ಮ ಈ ಆಟಕ್ಕೆ ಇಳಿದು ದೊಡ್ಡ ಹೆಸರು ಮಾಡಿದಳು. ಇವರೆಲ್ಲರ ನಡುವೆ ಭಾಗವತ ಅಂತ ಒಬ್ಬ ಇರ್ತಾನೆ. ಕಥೆ ನಡೆಸುವವನೂ ಅವನೇ, ಬೇಕಾದಾಗ ಕಥೆಯೊಳಗೆ ಹೊಕ್ಕು ಮಾತಾಡುವವನೂ ಅವನೇ. ಹಾಡುಗಳು ಗೊತ್ತಾದವು, ಬಾಯಿಪಾಠ. ಆದರೆ ಹಾಡಿಗೂ ಹಾಡಿಗೂ ನಡುವಿನ ಮಾತು ಯಾವ ಹಸ್ತಪ್ರತಿಯಲ್ಲೂ ಪೂರ್ತಿ ಇರೋದಿಲ್ಲ. ಅದು ಅವತ್ತಿನ ರಾತ್ರಿ, ಅವತ್ತಿನ ಮಂದಿ ಮುಂದೆ ಹುಟ್ಟಬೇಕು. ಹುಟ್ಟಿಸುವ ಉಪಾಯ ಒಂದೇ: ಭಾಗವತ ಕೇಳ್ತಾ ಹೋಗ್ತಾನೆ.

ನಮ್ಮ ಕಾಕಾ ಊರಿನ ಮೇಳದಲ್ಲಿ ಭಾಗವತ. ದೂತಿ ಮಾಡುತ್ತಿದ್ದವರು ಊರಿನ ದರ್ಜಿ. ನಾನು ಚಿಕ್ಕವನಿದ್ದಾಗಿನ ಒಂದು ರಾತ್ರಿ. ಆಗ ನಮ್ಮ ಕಡೆ ಪಂಪ್‌ಸೆಟ್ಟಿನ ಕರೆಂಟು ನಡುರಾತ್ರಿ ಬರುತ್ತಿತ್ತು. ಆಟ ನೋಡ್ತಾ ಕೂತ ಅರ್ಧ ಗಂಡಸರ ಒಂದು ಕಣ್ಣು ಹೊಲದ ಕಡೆಯೇ. ಸತ್ಯಭಾಮೆ ಕೃಷ್ಣನನ್ನು ಕರೆದುಕೊಂಡು ಬಾ ಅಂತ ದೂತಿಯನ್ನು ಕಳಿಸಿದ್ದಾಳೆ. ಕಾಕಾ ಅಡ್ಡ ನಿಂತರು.

"ಯಾರವ್ವಾ ನೀನು?"

"ನಾ ದೂತಿ ಅದೀನ್ರಿ. ಸತ್ಯಭಾಮಾಬಾಯಾರ ಮನ್ಯಾಗಿನಾಕಿ."

"ಇಷ್ಟೊತ್ನ್ಯಾಗ ಎಲ್ಲಿಗಿ ಹೊಂಟಿ?"

"ಕೃಷ್ಣ ಪರಮಾತ್ಮನ್ನ ಕರಕೊಂಡ ಬರಾಕರಿ."

"ಈ ಅಪರಾತ್ರ್ಯಾಗ ಅಂವ ಎಲ್ಲಿ ಸಿಗ್ತಾನ ನಿನಗ?"

ದರ್ಜಿ ಒಂದು ಗಳಿಗೆ ನಿಂತರು. ಊರ ಹೊರಗಿನ ಕಂಬದ ದೀಪದ ಕಡೆ ನೋಡಿದರು. "ಹೊಲದಾಗ ಇರ್ಬೇಕ್ರಿ. ಕರೆಂಟ ಬಂದೈತೆಲ್ಲ, ಕಬ್ಬಿಗಿ ನೀರ ಹಾಸಾಕ ಹೋಗಿರ್ತಾನ!"

ಮಂದಿ ನಕ್ಕ ರಭಸಕ್ಕೆ ಮಲಗಿದ್ದ ಕೂಸುಗಳೆಲ್ಲ ಎದ್ದು ಅತ್ತವು. ನಾಲ್ಕೈದು ಜನ ನಿಜವಾಗಿಯೂ ಎದ್ದು ಹೊಲಕ್ಕೆ ಓಡಿದರು. ಪರಮಾತ್ಮ ನಮ್ಮೂರಿನ ರೈತನಾದದ್ದು ಆ ಗಳಿಗೆಯಲ್ಲಿ, ನನ್ನ ಕಣ್ಣೆದುರು.

ಎಷ್ಟೋ ವರ್ಷದ ಮೇಲೆ ನಾನು ಬಿಇ ಮುಗಿಸಿ ರಜೆಗೆ ಹೋದಾಗ ಕಾಕಾನ್ನ ಕೇಳಿದೆ, ಆ ಮಾತು ಮೊದಲೇ ಯೋಚನೆ ಮಾಡಿದ್ದರಾ ಅಂತ.

"ಯಾರು? ದರ್ಜಿನಾ? ನಾ 'ಎಲ್ಲಿ ಸಿಗ್ತಾನ' ಅಂತ ಕೇಳಲಿಲ್ಲಂದ್ರ ಅಂವ ಎಲ್ಲಿಂದ ಅಂತಿದ್ದ ತಮ್ಮಾ? ಹಾಡಕ್ಕ ಬಾಯಿಪಾಠ ಸಾಕು. ಮಾತಿಗೆ ಕೇಳಾಂವ ಬೇಕು."

ಕೇಳೋದಕ್ಕೂ ಒಂದು ರೀತಿ ಇದೆ ಅಂದರು. ಗೊತ್ತಿದ್ದದ್ದನ್ನೇ ಕೇಳಬೇಕು, ಆದರೆ ಗೊತ್ತಿಲ್ಲದವನ ಹಾಗೆ ಕೇಳಬೇಕು. ಉತ್ತರ ಬಂತು ಅಂತ ಬಿಡಬಾರದು, ಅದೇ ಉತ್ತರದ ಬಾಲ ಹಿಡಿದು ಮತ್ತೊಂದು ಕೇಳಬೇಕು. "ಒಂದನೇದಕ್ಕ ಎಲ್ಲಾರೂ ಹೇಳ್ತಾರ. ಎರಡನೇದಕ್ಕೂ ಹೇಳ್ತಾರ, ಅದೂ ಬಾಯಿಪಾಠ ಇರ್ತೈತಿ. ಮೂರನೇದಕ್ಕ ಗಂಟ ಖಾಲಿ ಆಗಿರ್ತೈತಿ ನೋಡು, ಅಲ್ಲಿಂದ ಆಟ ಸುರು."

ಈ ಮೂರನೇ ಪ್ರಶ್ನೆಯ ಮಾತನ್ನು ನಾನು ಯಾವ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲೂ ಇಷ್ಟು ಚೊಕ್ಕವಾಗಿ ಓದಿಲ್ಲ. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಹತ್ತಿರದ್ದು ಅಂದರೆ ರಬ್ಬರ್ ಬಾತುಕೋಳಿ. ಹಂಟ್ ಮತ್ತು ಥಾಮಸ್ ಬರೆದ 'ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್' 1999ರಲ್ಲಿ ಬಂತು. ಕೋಡಿನಲ್ಲಿ ತಪ್ಪು ಸಿಗದೆ ಒದ್ದಾಡುವಾಗ ಮೇಜಿನ ಮೇಲೆ ರಬ್ಬರ್ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ಸಾಲು ಸಾಲಾಗಿ ವಿವರಿಸುವ ಉಪಾಯ ಆ ಪುಸ್ತಕದಿಂದ ಹೆಸರಾಯಿತು. ಹೇಳ್ತಾ ಹೇಳ್ತಾ ತಪ್ಪು ತಾನೇ ಕಾಣಿಸುತ್ತೆ. ಕೆಲಸ ಮಾಡುತ್ತೆ, ಸುಳ್ಳಲ್ಲ. ಆದರೆ ಬಾತುಕೋಳಿ ಮೂಕ ಭಾಗವತ. ಮೂರನೇ ಪ್ರಶ್ನೆ ಅದಕ್ಕೆ ಬರೋದಿಲ್ಲ.

1991ರ ಆಗಸ್ಟ್ 25ರಂದು ಫಿನ್ಲೆಂಡಿನ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸುವವರಿಗೆ ಒಂದು ಓಲೆ ಬರೆದ. ಹವ್ಯಾಸಕ್ಕೆ ತಾನೂ ಒಂದು ಮಾಡ್ತಿದ್ದೇನೆ, ಮಿನಿಕ್ಸ್‌ನಲ್ಲಿ ನಿಮಗೆ ಯಾವುದು ಇಷ್ಟ, ಯಾವುದು ಇಷ್ಟವಿಲ್ಲ ಹೇಳಿ, ಅಂತ ಅದರ ತಾತ್ಪರ್ಯ. ಲಿನಕ್ಸ್ ಬೆಳಕಿಗೆ ಬಂದದ್ದೇ ಹೀಗೆ ಒಂದು ಕೇಳಿಕೆಯಾಗಿ. ಅದೂ ಅಷ್ಟೇ, ಇನ್ನೊಬ್ಬರು ಮೊದಲೇ ಆಡಿದ ಆಟವನ್ನು ಎದುರಿಗಿಟ್ಟುಕೊಂಡು ಕಟ್ಟಿದ್ದು. ನಮ್ಮ ತಮ್ಮಣ್ಣನ ಹಾಗೆ.

ಈಗ ನೀವು ಕೇಳಬಹುದು, ಇದೆಲ್ಲ ಹಳ್ಳಿಯಲ್ಲಿ ಹುಟ್ಟಿದವರ ಜಂಬ ಅಲ್ಲವಾ, ಊರು, ಮಣ್ಣು, ಜಾತ್ರೆ ಇದ್ದರೆ ಐಡಿಯಾ ತಾನಾಗಿ ಬರುತ್ತಾ ಅಂತ. ಖಂಡಿತ ಇಲ್ಲ. ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಬರೋದನ್ನು ನಮ್ಮ ಕಡೆ ಲಕ್ಷಾಂತರ ಜನ ನೋಡಿದ್ದಾರೆ. ಬಾಯಿಗೆ ಬೆಣ್ಣೆ ಹಚ್ಚುತ್ತಾರೆ, ಮೊರದಲ್ಲಿ ಜೋಳ ಹಾಕುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಅದರಿಂದ 'ಜೋಕುಮಾರಸ್ವಾಮಿ' ನಾಟಕ ಮಾಡಿದವರು ಒಬ್ಬರೇ, ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು. ಗಂಡನಿಗೆ ಅಂತ ಮಾಡಿದ ಪಡವಲಕಾಯಿ ಪಲ್ಯ ಬೇರೊಬ್ಬನ ಹೊಟ್ಟೆ ಸೇರುವ ಆ ಕಥೆಯನ್ನು ಬಿ.ವಿ. ಕಾರಂತರು ರಂಗಕ್ಕೆ ತಂದರು. ಕಂಬಾರರು ಊರಿನಲ್ಲಿ ಹುಟ್ಟಿದ್ದಷ್ಟೇ ಅಲ್ಲ, ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯ ಬಗ್ಗೆಯೇ ಸಂಶೋಧನೆ ಮಾಡಿದವರು, 'ಸಂಗ್ಯಾ ಬಾಳ್ಯಾ' ಸಂಪಾದಿಸಿದವರು. ಅಂದರೆ ಆಡುವವರ ಹತ್ತಿರ ಹೋಗಿ ಕೇಳಿದವರು. ಆ ಸಂಗ್ಯಾ ಬಾಳ್ಯಾ ಕೂಡ ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಒಂದು ಕೊಲೆಯಿಂದ ಬಂದದ್ದು. ಕೊಲೆಯ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಜೀವದ ಗೆಳೆಯ ಗೆಳೆಯನನ್ನು ಯಾಕೆ ಕೊಟ್ಟ ಅಂತ ಬೆನ್ನು ಹತ್ತಿ ಆಟ ಕಟ್ಟಿದವರು ಪತ್ತಾರ ಮಾಸ್ತರರು.

ನನ್ನ ಕಸುಬಿನ ಒಂದು ಉದಾಹರಣೆ ಹೇಳ್ತೇನೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆವು. ಸರ್ವರ್ ಒಂದು ನಿಮಿಷ ತೊದಲಿದರೆ ಸಾಕು, ಮತ್ತೆ ಎದ್ದ ಕೂಡಲೇ ಇನ್ನಷ್ಟು ಜೋರಾಗಿ ಬೀಳುತ್ತಿತ್ತು. ಮೂರು ವಾರದಿಂದ ಮೀಟಿಂಗು. ಇನ್ನೂ ದೊಡ್ಡ ಯಂತ್ರ ತಗೊಳ್ಳೋಣವಾ, ಎಷ್ಟು ತಗೊಳ್ಳೋಣ ಅಂತಲೇ ಚರ್ಚೆ. ಒಂದು ರಾತ್ರಿ ಹತ್ತು ಗಂಟೆಗೆ ಅವ್ವನ ಫೋನು.

"ಅದೇನ ಕೆಲಸಾನೋ, ಇಷ್ಟೊತ್ತಾದ್ರೂ ಮುಗಿದಿಲ್ಲ?"

"ಸರ್ವರ್ ಬೀಳಾಕತ್ತೈತವ್ವಾ."

"ಯಾಕ ಬೀಳ್ತೈತಿ?"

"ಅಂಗಡಿಯವರೆಲ್ಲಾ ಒಮ್ಮೆಲೇ ಬರ್ತಾರ."

"ಒಮ್ಮೆಲೇ ಬರಾಕ ಅವರೇನ ಮಾತಾಡ್ಕೊಂಡಿರ್ತಾರೇನು?"

ಹೌದಲ್ಲ! ಮಾತಾಡಿಕೊಂಡೇ ಬರುತ್ತಿದ್ದರು, ಒಂದು ರೀತಿಯಲ್ಲಿ. ಸಂಪರ್ಕ ಕಡಿದರೆ ಸರಿಯಾಗಿ 30 ಸೆಕೆಂಡ್ ಕಾದು ಮತ್ತೆ ಪ್ರಯತ್ನಿಸು ಅಂತ ಎಲ್ಲ ಅಂಗಡಿಗಳ ಆ್ಯಪ್‌ನಲ್ಲೂ ಯಾರೋ ಯಾವಾಗಲೋ ಬರೆದಿಟ್ಟಿದ್ದರು. ಸರ್ವರ್ ಬಿದ್ದಾಗ ಎಲ್ಲರ ಗಡಿಯಾರವೂ ಒಂದೇ ಕ್ಷಣಕ್ಕೆ ಶುರು, ಎಲ್ಲರೂ ಒಂದೇ ಕ್ಷಣಕ್ಕೆ ಬಾಗಿಲಿಗೆ. ಪರಿಹಾರ ಪಠ್ಯಪುಸ್ತಕದಲ್ಲೇ ಇದೆ: ಒಬ್ಬೊಬ್ಬರೂ ಬೇರೆ ಬೇರೆ ಹೊತ್ತು ಕಾಯೋ ಹಾಗೆ ಮಾಡು. ಜಿಟ್ಟರ್ ಅಂತಾರೆ. ಹಾಗೇ ಮಾಡಿದೆವು, ದೊಡ್ಡ ಯಂತ್ರದ ಮಾತು ಅಲ್ಲಿಗೆ ನಿಂತಿತು. ಜಗತ್ತಿಗೆ ಹೊಸದಲ್ಲ, ಆದರೆ ಆ ಕೋಣೆಗೆ ಹೊಸದು.

ಅವ್ವನಿಗೆ ಸಾಫ್ಟ್‌ವೇರ್ ಗೊತ್ತು, ತಾಯಂದಿರಿಗೆ ಎಲ್ಲ ಗೊತ್ತಿರುತ್ತೆ, ಅಂತೆಲ್ಲ ನಾನು ಹೇಳ್ತಿಲ್ಲ. ಇದು ವಾಟ್ಸಾಪಿನಲ್ಲಿ ಬೆಳಿಗ್ಗೆ ಬರುವ ಥರದ ಕಥೆ ಅಲ್ಲ. ಅವಳು ಸುಮ್ಮನೆ ಇನ್ನೊಂದು ಕೇಳಿದಳು, ಅಷ್ಟೇ. ನಮ್ಮ ಮೀಟಿಂಗಿನಲ್ಲಿ ಹನ್ನೊಂದು ಮಂದಿ ಇದ್ದೆವು, ಎಲ್ಲರೂ 'ಲೋಡ್ ಜಾಸ್ತಿ' ಅನ್ನೋ ಬಾಯಿಪಾಠದ ಉತ್ತರಕ್ಕೇ ತೃಪ್ತರಾಗಿ ಮುಂದಿನ ಸ್ಲೈಡಿಗೆ ಹೋಗಿದ್ದೆವು. ಅದಕ್ಕೇ ಈಗ ಯಾರಾದರೂ ಜೂನಿಯರ್‌ಗಳು 'ಐಡಿಯಾ ಬರ್ತಿಲ್ಲ ಸರ್' ಅಂದರೆ ವಾಕ್ ಹೋಗಿ, ಕಾಫಿ ಕುಡೀರಿ ಅನ್ನೋದಿಲ್ಲ. ನಿಮ್ಮ ಕೆಲಸ ಗೊತ್ತಿಲ್ಲದ, ಆದರೆ ನಿಮ್ಮ ಹತ್ತಿರ ಸಂಕೋಚ ಇಲ್ಲದ ಒಬ್ಬರನ್ನು ಹುಡುಕಿ ಅಂತೀನಿ. ಇದು ಬೆಂಗಳೂರಿನಲ್ಲಿ ಫ್ಲ್ಯಾಟ್ ಹುಡುಕಿದ್ದಕ್ಕಿಂತ ಕಷ್ಟ.

ಕಷ್ಟ ಆಗುತ್ತಾ ಇದೆ ಅನ್ನೋದೇ ನನ್ನ ಚಿಂತೆ. ಎರಡು ವರ್ಷದ ಹಿಂದೆ ಕಾಕಾ ಮತ್ತು ಮೇಳ ಬೆಂಗಳೂರಿಗೆ ಬಂದಿತ್ತು, ಒಂದು ಭಾನುವಾರ ಸಂಜೆಯ ಕಾರ್ಯಕ್ರಮಕ್ಕೆ. ರಾತ್ರಿಯಿಡೀ ಆಡುವ ಆಟಕ್ಕೆ ಸಿಕ್ಕದ್ದು 25 ನಿಮಿಷ. "ಹಾಡು ಮಾತ್ರ ಇಟ್ಕೊಳ್ಳಿ, ಡೈಲಾಗ್ ಬೇಡ. ಇಲ್ಲಿಯವರಿಗೆ ನಿಮ್ಮ ಭಾಷೆ ಅರ್ಥ ಆಗಲ್ಲ, ಟೈಮೂ ಇಲ್ಲ" ಅಂದರು ನಡೆಸುವವರು. ಅವರೂ ಕೆಟ್ಟವರಲ್ಲ, ಅವರ ಪಟ್ಟಿಯಲ್ಲಿ ಇನ್ನೂ ಆರು ಕಲೆ ಇದ್ದವು. ಹಾಡು ಚೆನ್ನಾಗಿಯೇ ಆಯಿತು. ಮಂದಿ ಮೊಬೈಲ್ ಎತ್ತಿ ಹಿಡಿದರು, ಚಪ್ಪಾಳೆ ಹೊಡೆದರು. ಕಾಕಾ ಮಾತ್ರ ಕೈಯಲ್ಲಿ ತಾಳ ಹಿಡಿದು ಒಂದು ಮೂಲೆಯಲ್ಲಿ ನಿಂತಿದ್ದರು, ಕೇಳೋದಕ್ಕೆ ಏನೂ ಇಲ್ಲದ ಭಾಗವತ.

"ನಾವು ಬಂದೀವೋ ನಮ್ಮ ಕ್ಯಾಸೆಟ್ ಬಂದೈತೋ ತಿಳೀಲಿಲ್ಲ ನೋಡು" ಅಂದರು ಟೆಂಪೋದಲ್ಲಿ. ಉಳಿದವರು ಯಾರೂ ಮಾತಾಡಲಿಲ್ಲ.

ನನ್ನ ಅಪಾರ್ಟ್‌ಮೆಂಟಿಗೆ ಬಂದಾಗ ರಾತ್ರಿ ಹತ್ತೂವರೆ. ಗೇಟಿನಲ್ಲಿ ವಾಚ್‌ಮನ್ ರಜಿಸ್ಟರ್ ಹಿಡಿದು ಅಡ್ಡ ಬಂದ. ರಾಯಚೂರು ಕಡೆಯ ಹುಡುಗ, ಕೆಲಸಕ್ಕೆ ಹೊಸಬ. ಇಷ್ಟು ಜನ, ಕೆಲವರ ಮುಖದಲ್ಲಿ ಇನ್ನೂ ಬಣ್ಣ. ಪಾಪ, ಅವನಿಗೂ ಗಾಬರಿ.

"ಯಾರ್ರೀ ನೀವು? ಹೆಸರೇನ್ರೀ?"

ದರ್ಜಿಗೆ ಈಗ ವಯಸ್ಸಾಗಿದೆ, ಮಂಡಿ ನೋವು. ಆದರೂ ಸೀರೆಯ ಸೆರಗು ಸರಿಮಾಡಿಕೊಂಡರು. "ನಾ ದೂತಿ ಅದೀನ್ರಿ."

"ಎಲ್ಲಿಂದ ಬಂದೀರಿ?"

"ದ್ವಾರಕಾದಿಂದರಿ."

"ಇಲ್ಲಿ ಯಾರನ್ನ ನೋಡಬೇಕ್ರೀ?"

"ನಾಕನೇ ಮಜಲಾದಾಗ ಒಬ್ಬ ಕೃಷ್ಣ ಅದಾನಂತರಿ. ಲಿಫ್ಟಿನ್ಯಾಗ ಬರ್ತಾನ, ಲಿಫ್ಟಿನ್ಯಾಗ ಹೋಗ್ತಾನ, ಹದಿನಾರ ಸಾವಿರ ಮಂದಿ ಇದ್ರೂ ಬಾಜೂ ಮನಿಯಾಕಿ ಹೆಸರ ಗೊತ್ತಿಲ್ಲಂತ ಅವಗ!"

ಹುಡುಗ ಬಿದ್ದು ಬಿದ್ದು ನಕ್ಕ. ಅಲ್ಲಿಂದ ಕಾಕಾ ಸೇರಿಕೊಂಡರು, ವಾಚ್‌ಮನ್ ಕಡೆ ನಿಂತು ಅವನ ಪರವಾಗಿ ಇವರೇ ಕೇಳತೊಡಗಿದರು. ಮೆಂಟೆನೆನ್ಸ್ ಚಾರ್ಜು ಬಂತು, ಟ್ಯಾಂಕರ್ ನೀರು ಬಂತು, ಪಾರಿಜಾತ ಹೂವನ್ನು ಡೆಲಿವರಿ ಹುಡುಗ ತಪ್ಪು ಬ್ಲಾಕಿನ ರುಕ್ಮಿಣಿಗೆ ಕೊಟ್ಟು ಹೋದದ್ದೂ ಬಂತು. ಯಾವುದನ್ನೂ ಯಾರೂ ಬರೆದುಕೊಂಡು ಬಂದಿರಲಿಲ್ಲ. ಅರ್ಧ ಗಂಟೆ ನಡೆಯಿತು. ಎರಡನೇ ಮಹಡಿಯವರೊಬ್ಬರು ಬಾಲ್ಕನಿಯಿಂದ ಬೈದ ಮೇಲೆ ನಿಂತಿತು. ವೇದಿಕೆಯ ಮೇಲೆ ಕಳೆದುಹೋಗಿದ್ದ ಆಟ ಗೇಟಿನ ಹತ್ತಿರ ಸಿಕ್ಕಿತ್ತು. ನನ್ನ ಅಪಾರ್ಟ್‌ಮೆಂಟಿನಲ್ಲಿ ಆರು ವರ್ಷ ಇದ್ದರೂ ಆ ಜಾಗದ ಬಗ್ಗೆ ಅಷ್ಟು ನಿಜವಾದ ಮಾತು ನಾನು ಕೇಳಿರಲಿಲ್ಲ.

ದರ್ಜಿ ಈಗ ಆಟ ಬಿಟ್ಟಿದ್ದಾರೆ, ಮಂಡಿ ಬಿಡೋದಿಲ್ಲ. ದೂತಿ ಪಾತ್ರಕ್ಕೆ ಪಿಯುಸಿ ಓದುವ ಒಬ್ಬ ಹುಡುಗ ಬಂದಿದ್ದಾನೆ. ಒಳ್ಳೆಯ ಕಂಠ. ಹಾಡೆಲ್ಲ ಯೂಟ್ಯೂಬ್ ನೋಡಿ ಎರಡೇ ತಿಂಗಳಲ್ಲಿ ಕಲಿತುಬಿಟ್ಟ. ಆದರೆ ಕಾಕಾ 'ಎಲ್ಲಿಗಿ ಹೊಂಟಿ' ಅಂದರೆ ವಿಡಿಯೋದಲ್ಲಿ ಇದ್ದ ಉತ್ತರವನ್ನೇ ಹೇಳ್ತಾನೆ, ಬೇರೆ ಊರಿನ ಮೇಳದ ಹಳೇ ನಗೆಮಾತು. ದಿನಾ ಸಂಜೆ ಹುಡುಗನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಕಾಕಾ ಆಟದ ಮಾತು ಬಿಟ್ಟು ಬೇರೆಲ್ಲ ಕೇಳ್ತಾರಂತೆ. ಇವತ್ತ ಏನ ಉಂಡಿ, ಯಾರ ಮಾಡಿದ್ರು, ನಿಮ್ಮಪ್ಪನ ಕಬ್ಬಿನ ಬಿಲ್ಲು ಬಂತೇನು.

ಮೊನ್ನೆ ಫೋನಿನಲ್ಲಿ ವಿಚಾರಿಸಿದೆ, ಹುಡುಗ ಹೇಗಾಗಿದ್ದಾನೆ ಅಂತ.

"ಎರಡಕ್ಕ ಹೇಳ್ತಾನ. ಮೂರನೇದ ಇನ್ನೂ ಕೇಳಿಲ್ಲ. ಪರೀಕ್ಷಾ ಒಂದ ಮುಗೀಲಿ ಅವಂದು."